ಎಣಿಸಿ ನೋಡುವ ಶುಶ್ರೂಷೆ

ಸ್ಟ್ರೆಪ್ಟೊಕಾಕಸ್ ಎಂಬ ಸೂಕ್ಷ್ಮಜೀವಿಯ ಸೋಂಕನ್ನು ಅಲಕ್ಷಿಸಿದರೆ ಕೆಲವು ಮಕ್ಕಳಿಗೆ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟಗಳು ಕೆಡುತ್ತವೆ. ಆಸ್ಟ್ರೇಲಿಯದ ಉತ್ತರ ಪ್ರಾಂತ್ಯದ ದೂರದ ಮೂಲನಿವಾಸಿ ಊರುಗಳಲ್ಲಿ ಈ ರೋಗ ಇಂದಿಗೂ ಉಳಿದಿದೆ. ಜ್ವರ ಮರುಕಳಿಸದಿರಬೇಕಾದರೆ ಸುಮಾರು 4 ವಾರಗಳಿಗೊಮ್ಮೆ, ವರ್ಷಗಟ್ಟಲೆ, ಪೆನಿಸಿಲಿನ್ ಚುಚ್ಚುಮದ್ದು ಸಲ್ಲಬೇಕು. ವೈದ್ಯರು ಆಗಾಗ ಬಂದುಹೋಗುವ ಆ ಊರುಗಳಲ್ಲಿ ಈ ಹೊಣೆ ದಾದಿಯರದು ಮತ್ತು ಮೂಲನಿವಾಸಿ ಆರೋಗ್ಯ ಕಾರ್ಯಕರ್ತರದು. ಹೊರಗಿನಿಂದ ಬಂದ ದಾದಿಯರೂ ಅಲ್ಲಿ ಬಹುಕಾಲ ನಿಲ್ಲುವುದು ವಿರಳ.

ಮಗು ಬಾರದಿದ್ದರೆ ಮನೆಯವರನ್ನು ದೂರುವುದು ಸುಲಭ. ಅದರಿಂದ ಮುಂದಿನ ಮದ್ದು ತಪ್ಪದೆ ಸಲ್ಲುವುದೇನು? 2002ರಲ್ಲಿ ಅಲ್ಲಿನ ಕೆಲವು ಚಿಕಿತ್ಸಾಲಯಗಳು ದೀರ್ಘಕಾಲದ ರೋಗಗಳ ವಿಷಯದಲ್ಲಿ ತಮ್ಮ ದಾಖಲೆಗಳನ್ನು ತಾವೇ ಪರಿಶೀಲಿಸಿ ತಿದ್ದಿಕೊಳ್ಳುವ ಕ್ರಮವನ್ನು ಕೈಗೊಂಡವು. ಮುಂದೆ ಅದು ರುಮ್ಯಾಟಿಕ್ ರೋಗಕ್ಕೂ ವಿಸ್ತರಿಸಿತು. ಎಷ್ಟು ಮದ್ದು ತಪ್ಪಿತು? ಬರಬೇಕಾದ ದಿನವನ್ನು ಮನೆಮಾತಿನಲ್ಲಿ ತಿಳಿಸಲಾಗಿತ್ತೆ? ಬೇರೆ ಊರಿಗೆ ಹೋದ ಮಗುವಿನ ವಿಷಯ ಅಲ್ಲಿಯ ದಾದಿಗೆ ತಲಪಿತೆ? ಹೀಗೆ ಕಂಡ ಒಂದು ಲೋಪವನ್ನು ತಿದ್ದಿ, ಮತ್ತೆ ಎಣಿಸುತ್ತಾರೆ. ದಾದಿ ಬದಲಾದರೂ ಲೆಕ್ಕ ಉಳಿಯುತ್ತದೆ.

ಪೆನಿಸಿಲಿನ್ನನ್ನು ಕಂಡುಹಿಡಿದವರನ್ನು ನಾವು ವಿಜ್ಞಾನಿಗಳೆಂದು ಗೌರವಿಸುತ್ತೇವೆ. ಅದು ತಕ್ಕ ದಿನ ತಕ್ಕ ಮಗುವಿಗೆ ಸಂದಿತೇ ಎಂದು ಎಣಿಸಿ ನೋಡುವ ದಾದಿಗೂ ಆ ಗೌರವ ಸಲ್ಲತಕ್ಕದ್ದೆಂಬುದು ನಮ್ಮ ಮತ.