ಪಂಪುಮನೆಯೂ ನೊರೆಯ ಭಾಂಡವೂ

2009ನೆಯ ಇಸವಿ ಅಕ್ಟೋಬರ್ 29ರ ಸಾಯಂಕಾಲ ಜಯಪುರದ ಸೀತಾಪುರ ತೈಲಾಗಾರದಲ್ಲಿ ಸೋರಿದ ಪೆಟ್ರೋಲು ಆವಿಯಾಗಿ ಹಬ್ಬಿ, ಒಂದು ಗಂಟೆಗೂ ಮಿಕ್ಕ ಕಾಲದ ಮೇಲೆ ಸಿಡಿದುದನ್ನು ವಾಚಕರು ಮರೆತಿರಲಾರರು. ಹಲವರು ಪ್ರಾಣ ಕಳೆದುಕೊಂಡರು. ಬೆಂಕಿಯು ವಾರಕ್ಕೂ ಹೆಚ್ಚು ಕಾಲ ಉರಿಯಿತು. ವಿಚಾರಣೆ ನಡೆಸಿದ ಎಂ. ಬಿ. ಲಾಲ್ ಸಮಿತಿಯವರು, ಬೆಂಕಿ ಆರಿಸುವ ನೀರಿನ ತೊಟ್ಟಿಯೂ ಪಂಪುಮನೆಯೂ ತೈಲದ ಟ್ಯಾಂಕುಗಳಿಂದ ದೂರದಲ್ಲಿರತಕ್ಕದ್ದೆಂದು ಶಿಫಾರಸು ಮಾಡಿದರು. ಇದಕ್ಕೆ ನಾಲ್ಕು ವರ್ಷ ಮುಂಚೆ, 2005ರ ಡಿಸೆಂಬರ್ 11ರಂದು, ಇಂಗ್ಲೆಂಡಿನ ಬನ್ಸ್‌ಫೀಲ್ಡಿನಲ್ಲಿಯೂ ಇಂಥದೇ ಅನಾಹುತವಾಗಿತ್ತು. ಅಲ್ಲಿ ಆವಿಗೆ ಕಿಡಿ ತಗುಲಿದ್ದು ಬಹುಶಃ ಬೆಂಕಿ ಆರಿಸಬೇಕಾದ ಪಂಪುಮನೆಯಲ್ಲಿಯೇ ಎಂದು ತನಿಖೆಯವರ ಅಭಿಪ್ರಾಯ. ರಕ್ಷಕನ ಮನೆಯೇ ಮೊದಲು ಹೊತ್ತಿತು!

ಎಣ್ಣೆಯ ಬೆಂಕಿಗೆ ಬರಿಯ ನೀರು ಸಾಲದು. ಎಣ್ಣೆಯ ಮೇಲೆ ಹೊದಿಕೆಯಂತೆ ಹರಡಿ ಗಾಳಿಯನ್ನೂ ಆವಿಯನ್ನೂ ತಡೆಯುವ ನೊರೆ ಬೇಕು. ಸಾಮಾನ್ಯವಾಗಿ 97 ಪಾಲು ನೀರಿಗೆ 3 ಪಾಲು ಮೂಲದ್ರವ ಸೇರಬೇಕು. ಉಕ್ಕಿನ ಭಾಂಡದೊಳಗಿನ ರಬ್ಬರು ಚೀಲದಲ್ಲಿ ಈ ದ್ರವವನ್ನು ತುಂಬಿರುತ್ತಾರೆ. ನೀರಿನ ಒತ್ತಡವೇ ಚೀಲವನ್ನು ಅಮುಕಿ ದ್ರವವನ್ನು ಹೊರಡಿಸುತ್ತದೆ, ವಿದ್ಯುಚ್ಛಕ್ತಿಯ ಹಂಗಿಲ್ಲ. ನೀರು ಹೊರಡುವ ಸ್ಥಳದಲ್ಲಿಯೇ, ಎಂದರೆ ಪಂಪುಮನೆಯಲ್ಲಿಯೇ, ಭಾಂಡವನ್ನು ಇಡೋಣವೆಂದು ಇಂಜಿನಿಯರುಗಳಿಗೆ ತೋರುವುದು ಸಹಜ. ಬಿಸಿಲಿಗೆ ಕೆಡುವ ದ್ರವಕ್ಕೆ ಸೂರು ದೊರೆಯಿತು, ಒಬ್ಬನೇ ಆಳು ಎರಡನ್ನೂ ನೋಡಿಕೊಂಡಾನು. ಈ ವಾದವನ್ನು ನಾವು ಹಗುರಾಗಿ ತಳ್ಳಿಹಾಕುವುದಿಲ್ಲ.

ಆದರೆ ಹಳೆಯ ಚೀಲವನ್ನು ಬದಲಾಯಿಸಬೇಕಾದಾಗ ಅದನ್ನು ಉದ್ದಕ್ಕೆ ಹೊರಗೆಳೆಯಲು ಭಾಂಡದಷ್ಟೇ ಉದ್ದದ ತೆರಪು ಬೇಕು. ನಕ್ಷೆ ಬರೆದವರಿಗೆ ಇದು ನೆನಪಿಗೆ ಬರುವುದು ಅಪರೂಪ. ದ್ರವದ ಪೀಪಾಯಿಗಳು ಬಾಗಿಲಿಗೆ ಅಡ್ಡವಾಗುತ್ತವೆ. ಚೆಲ್ಲಿದ ದ್ರವದಿಂದ ನೆಲ ಜಾರುತ್ತದೆ, ಅದೂ ಡೀಸೆಲ್ ಇಂಜಿನನ್ನು ಚಾಲೂ ಮಾಡಲು ಮನುಷ್ಯ ಓಡಿಬರುವ ದಾರಿಯಲ್ಲಿ! ಪಂಪು ನಡೆಯಲು ಅವಶ್ಯವಲ್ಲದ ದಾಸ್ತಾನೂ ಸಲಕರಣೆಯೂ ಪಂಪುಮನೆಯಲ್ಲಿ ಇರಕೂಡದೆಂಬುದು ಅಮೆರಿಕದ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘದ 20ನೆಯ ಸಂಹಿತೆಯ ತತ್ತ್ವ. ನೊರೆಯು ಬೆಂಕಿಯ ಕೆಲಸಕ್ಕೆ ಅವಶ್ಯವಲ್ಲವೇ ಎಂದು ಕೇಳುವವರಿದ್ದಾರೆ. ಅವಶ್ಯವೇ ಸರಿ, ಪಂಪಿಗೆ ಅವಶ್ಯವಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಒಂದೇ ಸೂರಿನ ಕೆಳಗೆ ನೀರೂ ನೊರೆಯೂ ಇದ್ದು ಆ ಸೂರೇ ಕುಸಿದರೆ ಉಳಿಯುವುದೇನು?

ಹಾಗೆಂದು ಭಾಂಡವನ್ನು ತೈಲದ ಟ್ಯಾಂಕಿನ ಮಗ್ಗುಲಿಗೆ ಒಯ್ದರೆ ಅದು ಮೊದಲ ಜ್ವಾಲೆಗೇ ಆಹುತಿಯಾದೀತು. ಪಂಪುಮನೆಗೆ ತಾಗಿಯೇ, ಆದರೆ ಬೆಂಕಿ ತಡೆಯುವ ಗೋಡೆಯಿಂದ ಬೇರ್ಪಟ್ಟು, ನೇರವಾಗಿ ಬಯಲಿಗೆ ತೆರೆಯುವ ಬಾಗಿಲುಳ್ಳ ಪ್ರತ್ಯೇಕ ಕೋಣೆಯೇ ನಮಗೆ ಯುಕ್ತವಾಗಿ ಕಾಣುತ್ತದೆ. ಮೂಲದ್ರವದ ಒಂದು ಭಾಗವಾದರೂ ಆವರಣದ ಇನ್ನೊಂದು ಕೊನೆಯಲ್ಲಿ, ಬಂಡಿಗೆ ಏರಿಸಲು ಸಿದ್ಧವಾಗಿರಬೇಕು.

ನಮ್ಮ ನಾಡಿನಲ್ಲಿಯೂ ದೇವನಗೊಂದಿ, ಪಣಂಬೂರುಗಳಲ್ಲಿ ತೈಲಾಗಾರಗಳಿವೆ. ಅವುಗಳ ನಕ್ಷೆಗೆ ಮೊಹರು ಹಾಕುವ ಅಧಿಕಾರಿಗಳು ಮುಂದಿನ ತಪಾಸಣೆಯಲ್ಲಿ ಅಳತೆಪಟ್ಟಿಯೊಡನೆ ಪಂಪುಮನೆಯೊಳಕ್ಕೆ ಹೋಗಿ, ಚೀಲವನ್ನು ಹೊರಗೆಳೆಯಲು ಸ್ಥಳವಿದೆಯೇ, ನೊರೆಯ ಕವಾಟಕ್ಕೆ ಹೊರಗಿನಿಂದ ಕೈ ಎಟಕುವುದೇ ಎಂಬೆರಡನ್ನು ಖುದ್ದಾಗಿ ನೋಡಿ ವರದಿಯಲ್ಲಿ ದಾಖಲಿಸಬೇಕೆಂದು ಒತ್ತಾಯಪಡಿಸುತ್ತೇವೆ.