ಗಂಧಕವನ್ನು ಬಿಟ್ಟರೆ ಸಾಕೇ?

ಕೊಡಗಿನ ಮನೆಗಳಲ್ಲಿ ತಯಾರಾಗುವ ವೈನು ಪ್ರವಾಸಿಗರಿಗೂ ಪರಿಚಿತ. ಅಂತಹ ವೈನಿಗೆ ‘ರಾಸಾಯನಿಕರಹಿತ’ ಎಂಬ ಹೆಸರು ಕೊಡುವುದು ಸುಲಭ. ಅದನ್ನು ಕೆಡದಂತೆ ಕಾಯುವುದು ಸುಲಭವಲ್ಲ.

ವೈನನ್ನು ಕೆಡಿಸುವ ಯೀಸ್ಟುಗಳಲ್ಲಿ ಬ್ರೆಟ್ಟನೊಮೈಸಿಸ್ ಬಲು ಹಠಮಾರಿ. ಸಕ್ಕರೆಯನ್ನು ಮದ್ಯವಾಗಿಸುವ ಯೀಸ್ಟು ತನ್ನ ಕೆಲಸ ಮುಗಿಸಿದ ಮೇಲೆ, ಅಳಿದುಳಿದ ಸಕ್ಕರೆಯಲ್ಲಿಯೇ ಇದು ತಿಂಗಳುಗಟ್ಟಲೆ ಬದುಕುತ್ತದೆ. ಹಣ್ಣಿನಿಂದ ಬಂದ ಕೆಲವು ಆಮ್ಲಗಳನ್ನು ಈಥೈಲ್ ಫೀನಾಲುಗಳನ್ನಾಗಿ ಮಾರ್ಪಡಿಸುತ್ತದೆ. ಕೆಂಪು ವೈನು ಕುದುರೆಲಾಯದಂತೆ ನಾರುವುದು ಇದರಿಂದಲೇ. ಮರದ ಪೀಪಾಯಿಯ ಹಲಗೆಯಲ್ಲಿ 8 ಮಿಲಿಮೀಟರ್ ಆಳದವರೆಗೂ ಇದು ಹೊಕ್ಕಿರುವುದು ಕಂಡುಬಂದಿದೆ. ಮೇಲೆ ತಿಕ್ಕಿ ತೊಳೆದರೆ ಹೋಗುವಂತಹುದಲ್ಲ.

ಇದಕ್ಕೆ ರೂಢಿಯ ಮದ್ದು ಗಂಧಕದ ಡೈಆಕ್ಸೈಡ್. ಆಸ್ತಮಾ ಇರುವ ಕೆಲವರಿಗೆ ಅದು ಉಸಿರಿನ ತೊಂದರೆ ತರುತ್ತದೆ. ಅದರ ಶಕ್ತಿ ನಿಂತಿರುವುದು ವೈನಿನ ಹುಳಿಯ ಮೇಲೆ. ಪಿಎಚ್ 3 ಇದ್ದಾಗ, ವೈನಿನಲ್ಲಿ ಬಿಡಿಯಾಗಿರುವ ಗಂಧಕದಲ್ಲಿ ಶೇ. 6ರಷ್ಟು ಯೀಸ್ಟನ್ನು ಕೊಲ್ಲುವ ರೂಪದಲ್ಲಿರುತ್ತದೆ. ಪಿಎಚ್ 4ಕ್ಕೆ ಏರಿದರೆ ಉಳಿಯುವುದು ಶೇ. 0.6 ಮಾತ್ರ. ಹುಳಿ ತಗ್ಗಿದಂತೆಲ್ಲ ಮದ್ದು ಹೆಚ್ಚಬೇಕು. ಆಸ್ಟ್ರೇಲಿಯದ ವೈನುಗಳಲ್ಲಿ ವ್ಯಾಪಕವಾಗಿ ಕಂಡುಬಂದ ಈ ಯೀಸ್ಟಿನ ಒಂದು ತಳಿಯಂತೂ ಗಂಧಕವನ್ನು ಚೆನ್ನಾಗಿಯೇ ಸಹಿಸಿಕೊಳ್ಳುತ್ತದೆ. ತೋಟಕ್ಕೆ ವರ್ಷವರ್ಷವೂ ಒಂದೇ ಔಷಧಿ ಸಿಂಪಡಿಸಿದವರಿಗೆ ಈ ಕಥೆ ಹೊಸದೇನಲ್ಲ.

ಪರ್ಯಾಯಗಳಲ್ಲಿ ಮುಖ್ಯವಾದುದು ಕೈಟೋಸಾನ್. ಐರೋಪ್ಯ ಒಕ್ಕೂಟ 2011ರಲ್ಲಿ ಇದನ್ನು ವೈನಿಗೆ ಬಳಸಲು ಒಪ್ಪಿತು. ಸಿಗಡಿಯ ಚಿಪ್ಪಿನಿಂದಲೂ ಇದನ್ನು ತೆಗೆಯಬಹುದಾದರೂ ಒಪ್ಪಿಗೆ ದೊರೆತಿರುವುದು ಆಸ್ಪರ್ಜಿಲಸ್ ನೈಜರ್ ಎಂಬ ಬೂಷ್ಟಿನಿಂದ ತೆಗೆದುದಕ್ಕೆ ಮಾತ್ರ. ಸಿಟ್ರಿಕ್ ಆಮ್ಲ ತಯಾರಿಸಲು ಬೆಳೆಸುವ ಬೂಷ್ಟು ಇದೇ. 100 ಲೀಟರಿಗೆ ಹೆಚ್ಚೆಂದರೆ 10 ಗ್ರಾಂ. ಅದು ಯೀಸ್ಟಿನ ಮೈಗಂಟಿ ಅದನ್ನು ತಳಕ್ಕಿಳಿಸುತ್ತದೆ. ಅನಂತರ ಗಷ್ಟು ಕದಡದಂತೆ ತಿಳಿಯನ್ನು ಬೇರ್ಪಡಿಸಬೇಕು. ಆದರೆ ಇದಕ್ಕೂ ಜಗ್ಗದ ತಳಿಗಳಿವೆ. ಯೀಸ್ಟನ್ನೇ ಕೊಲ್ಲುವ ಯೀಸ್ಟುಗಳ ವಿಷವನ್ನೂ ಪ್ರಯೋಗಾಲಯಗಳಲ್ಲಿ ಪರೀಕ್ಷಿಸಲಾಗಿದೆ. ಲವಂಗದ ಎಣ್ಣೆಗೂ ಯೀಸ್ಟನ್ನು ಅಡಗಿಸುವ ಗುಣವುಂಟು. ಹಾಗೆಂದು ನಾಲ್ಕು ಲವಂಗ ಹಾಕಿದ ಮಾತ್ರಕ್ಕೆ ಭರಣಿಯ ವೈನು ಕೆಡದೆಂದು ನಂಬುವಂತಿಲ್ಲ.

ಇನ್ನೊಂದು ಸಂಗತಿ: ಹುದುಗುವಾಗ ಯೀಸ್ಟು ತಾನೇ ಅಲ್ಪಸ್ವಲ್ಪ ಗಂಧಕದ ಡೈಆಕ್ಸೈಡನ್ನು ಹುಟ್ಟಿಸುತ್ತದೆ. ಹೊರಗಿನಿಂದ ಹಾಕಿಲ್ಲವೆಂದು ಹೇಳಬಹುದೇ ಹೊರತು, ಇಲ್ಲವೇ ಇಲ್ಲವೆಂದು ಆಸ್ತಮಾ ರೋಗಿಗೆ ಭರವಸೆ ಕೊಡುವುದು ತಪ್ಪು.

ಮನೆಯಲ್ಲಿ ವೈನು ಮಾಡುವವರು ಪುಡಿಗಳನ್ನು ಹುಡುಕುವ ಮೊದಲು ಪಾತ್ರೆಯನ್ನು ನೋಡಲಿ. ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಪೀಪಾಯಿ ತರುವುದಕ್ಕಿಂತ, ಬಿಸಿನೀರಿನಲ್ಲಿ ತೊಳೆದು ಒಣಗಿಸಿದ ಗಾಜಿನ ಭರಣಿ ಲೇಸು. ಕೊಳೆತ ಹಣ್ಣನ್ನು ಆಯ್ದು ತೆಗೆಯಬೇಕು. ಹುದುಗು ನಿಂತು ನೊರೆ ಇಳಿದ ಮೇಲೆ ತಿಳಿಯನ್ನು ಬಸಿದು, ಗಾಳಿಗೆ ಎಡೆಯಿಲ್ಲದಂತೆ ಕತ್ತಿನವರೆಗೆ ತುಂಬಿ, ತಂಪಾದೆಡೆಯಲ್ಲಿ ಇಡಬೇಕು.