ಒಲೆಯ ಮೇಲಿನ ಚಿನ್ನ



ಸೊಲ್ಲಾಪುರದ ಸರಾಫ ಬಜಾರಿನಲ್ಲಿ ಅಂಗಡಿಗಳು ತೆರೆಯುವ ಮುನ್ನವೇ ಕೆಲವರು ಚರಂಡಿಯ ಬದಿಯ ಧೂಳನ್ನು ಗುಡಿಸಿ ಬುಟ್ಟಿಗೆ ತುಂಬುವುದನ್ನು ನಾವು ಕಂಡಿದ್ದೇವೆ. ಅಕ್ಕಸಾಲಿಗರ ಅರದಿಂದ ಉದುರಿದ ಚಿನ್ನದ ಪುಡಿ ಅದರಲ್ಲಿರುತ್ತದೆ. ಇವರನ್ನು ನಮ್ಮ ಹಿರಿಯರು ಜಲಗಾರರು ಎನ್ನುತ್ತಿದ್ದರು. ಧೂಳನ್ನು ತೊಳೆದು ಪಾದರಸ ಬೆರೆಸಿದರೆ, ಅದು ಚಿನ್ನದ ಕಣಗಳನ್ನು ಹಿಡಿದು ಮುದ್ದೆಯಾಗುತ್ತದೆ. ಮುದ್ದೆಯನ್ನು ಕಾಯಿಸಿದರೆ ಪಾದರಸ ಆವಿಯಾಗಿ ಹಾರಿ, ಚಿನ್ನ ಉಳಿಯುತ್ತದೆ.

ಹಾರಿದ ಪಾದರಸ ಎಲ್ಲಿಗೆ ಹೋಗುತ್ತದೆ?

ಅಕ್ಕಲಕೋಟದ ಒಂದು ಮನೆಯಲ್ಲಿ ರೊಟ್ಟಿ ಬೇಯಿಸುವ ಒಲೆಯ ಮೇಲೆಯೇ ಈ ಕೆಲಸ ನಡೆದಿತ್ತು. ಪಕ್ಕದಲ್ಲೇ ತೊಟ್ಟಿಲು. "ಅಜ್ಜನ ಕಾಲದಿಂದ ಹಿಂಗ ಮಾಡ್ಕೋತ ಬಂದೀವ್ರಿ ಫಾದರ್, ಏನೂ ಆಗಿಲ್ಲ" ಎಂದರು ಮನೆಯ ಯಜಮಾನರು. ಬಡವರ ಅನ್ನಕ್ಕೆ ಅಡ್ಡ ಬರುವುದೇಕೆಂದು ನಾವು ಚಹಾ ಕುಡಿದು ಸುಮ್ಮನೆ ಬಂದೆವು. ಆ ಮೌನ ಇಂದಿಗೂ ನಮ್ಮನ್ನು ಚುಚ್ಚುತ್ತದೆ.

ಪಾದರಸದ ಆವಿ ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. ಉಸಿರಿನೊಡನೆ ಒಳಹೊಕ್ಕು ಮಿದುಳು, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಕೈ ನಡುಗುತ್ತದೆ, ನೆನಪು ಮಾಸುತ್ತದೆ. ಗರ್ಭದ ಶಿಶುವಿಗೂ ಎಳೆಯ ಮಕ್ಕಳಿಗೂ ಅಪಾಯ ಹೆಚ್ಚು. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯ ಪಾದರಸ ಸಮುದ್ರದ ಮೀನು ಸೇರಿ ಮನೆಮನೆಗಳನ್ನು ಹಾಳುಮಾಡಿದ್ದು 1956ರಲ್ಲಿ ಬೆಳಕಿಗೆ ಬಂತು. ಆ ಊರಿನ ಹೆಸರಿನ ಒಪ್ಪಂದ 2013ರಲ್ಲಿ ಆಯಿತು. ಭಾರತ 2018ರಲ್ಲಿ ಅದನ್ನು ಅನುಮೋದಿಸಿತು. ಮನುಷ್ಯರಿಂದ ಗಾಳಿಗೆ ಸೇರುವ ಪಾದರಸದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಬರುವುದು ಜಗತ್ತಿನ ಸಣ್ಣ ಚಿನ್ನದ ಗಣಿಗಳಿಂದ. ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸಿ' ಪತ್ರದಲ್ಲಿ ಈ ಮಾಲಿನ್ಯವನ್ನು ಹೆಸರಿಸಿಯೇ ಹೇಳಿದ್ದಾರೆ.

ದಾರಿಯಿಲ್ಲವೆಂದಲ್ಲ. ಫಿಲಿಪ್ಪೀನ್ಸಿನ ಬೆಂಗೆಟ್ ಬೆಟ್ಟಗಳ ಗಣಿಗಾರರು ಅದಿರನ್ನು ಚೆನ್ನಾಗಿ ತೊಳೆದು, ಪಾದರಸದ ಬದಲು ಬಿಳಿಗಾರ ಹಾಕಿ ಚಿನ್ನ ಕರಗಿಸುತ್ತಾರೆ. ನಮ್ಮ ಅಕ್ಕಸಾಲಿಗರ ಮಣೆಯ ಮೇಲೆ ಸದಾ ಇರುವ ಅದೇ ಬಿಳಿಗಾರ! ಪಾದರಸ ಬಿಡಲಾಗದ ಕಡೆ ಭಟ್ಟಿ ಇಳಿಸುವಂತೆ ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ, ಆವಿಯನ್ನು ತಣಿಸಿ ಮರಳಿ ಹಿಡಿಯಬಹುದು. ಅದೂ ಮನೆಯಿಂದ ದೂರದಲ್ಲಿ. ಧೂಳನ್ನು ಸರಿಯಾದ ವ್ಯವಸ್ಥೆಯಿರುವ ಶುದ್ಧೀಕರಣದವರಿಗೆ ಮಾರುವುದು ಇನ್ನೂ ಲೇಸು.

ನಾವು ಮತ್ತೆ ಆ ಮನೆಗೆ ಹೋಗಿ ಇದನ್ನೆಲ್ಲ ಹೇಳಿದೆವು. ಯಜಮಾನರು ಬಹಳ ಹೊತ್ತು ಮಾತಾಡಲಿಲ್ಲ. ತಾಯಿ ಮಾತ್ರ ಎದ್ದು ತೊಟ್ಟಿಲನ್ನು ಹೊರಗಿನ ಪಡಸಾಲೆಗೆ ಒಯ್ದರು.

ಮುಂದಿನ ಮದುವೆಗೆ ಉಂಗುರ ಮಾಡಿಸುವಾಗ ಮಜೂರಿ ಎಷ್ಟೆಂದು ಕೇಳುವ ನಾವು, ಅಂಗಡಿಯ ಧೂಳು ಯಾರ ಮನೆಯ ಒಲೆಗೆ ಹೋಗುತ್ತದೆಂದೂ ಕೇಳೋಣ.